ಕಿಟಕಿಯ ಹತ್ತಿರ ನೋಡದೆ ಬಿಟ್ಟ ಬಿಳುಪು

ನಮ್ಮ ಅಪ್ಪಾಜಿಗೆ ತರಗುಪೇಟೆಯಲ್ಲಿ ಸಕ್ಕರೆಯ ಸಗಟು ವ್ಯಾಪಾರ. ಅಮ್ಮ ಹೋದ ಮೇಲೆ ಚಾಮರಾಜಪೇಟೆಯ ಮನೆಯಲ್ಲಿ ನಾವಿಬ್ಬರೇ. ಕಾರ್ಖಾನೆಗಳಿಂದ ಬಂದ ಮಾದರಿ ಪೊಟ್ಟಣಗಳನ್ನು ಮನೆಗೇ ತಂದು, ಬೆಳಿಗ್ಗೆ ಕಿಟಕಿಯ ಹತ್ತಿರ ನೀಲಿ ಕಾಗದದ ಮೇಲೆ ಸುರಿದು ನೋಡುತ್ತಿದ್ದರು. ಹರಳಿನ ಗಾತ್ರಕ್ಕೆ ಅಕ್ಷರ: ದಪ್ಪಕ್ಕೆ ಎಲ್, ಮಧ್ಯಮಕ್ಕೆ ಎಂ, ಸಣ್ಣದಕ್ಕೆ ಎಸ್. ಬಣ್ಣಕ್ಕೆ ನಂಬರು. ಮೂವತ್ತೊಂದು ಅಂದರೆ ಒಳ್ಳೆಯ ಬಿಳುಪು. ಮೂವತ್ತು ಅಂದರೆ ಕೂದಲೆಳೆಯಷ್ಟು ಮಂಕು. ಇಪ್ಪತ್ತೊಂಬತ್ತರಲ್ಲಿ ಹಳದಿ ಕಣ್ಣಿಗೆ ಹೊಡೆಯುತ್ತದೆ. ನನಗೂ ಕಲಿಸಿದ್ದರು. "ದೀಪದ ಬೆಳಕಲ್ಲಿ ನಂಬರ್ ಹೇಳೋನು ವ್ಯಾಪಾರಿ ಅಲ್ಲ, ಜೋಯಿಸ" ಎನ್ನುತ್ತಿದ್ದರು.

ಹೋದ ವರ್ಷ ಒಂದು ಸಂಜೆ ಕಾಫಿ ಕೊಡುವಾಗ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕಣ್ಣಿನ ಬಿಳಿ, ಬಿಳಿಯಾಗಿರಲಿಲ್ಲ. ದೀಪದ ಬೆಳಕು, ಅದಕ್ಕೇ ಹಾಗೆ ಕಾಣುತ್ತಿದೆ ಎಂದುಕೊಂಡೆ. ಅವರ ಪಾಠವನ್ನೇ ನೆಪ ಮಾಡಿಕೊಂಡೆ.

ಮಾರನೆಯ ಬೆಳಿಗ್ಗೆ ನೋಡಬೇಕಿತ್ತು. ನೋಡಲಿಲ್ಲ. ಅವರು ಕಿಟಕಿಯ ಹತ್ತಿರ ಕೂತಿದ್ದರೆ ನೆಲ ನೋಡುತ್ತಾ ಲೋಟ ಇಟ್ಟು ಬಂದುಬಿಡುತ್ತಿದ್ದೆ. ಊಟ ಅರ್ಧಕ್ಕೇ ಬಿಡತೊಡಗಿದರು. ಮೈ ತುರಿಸಿಕೊಳ್ಳುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ನಾನು ನಲ್ಲಿ ಜೋರಾಗಿ ಬಿಡುತ್ತಿದ್ದೆ. ಹೀಗೆ ಹತ್ತು ದಿನ.

ಆಮೇಲೆ ಒಂದು ಬೆಳಿಗ್ಗೆ ಅವರೇ ಕರೆದರು. ಕಿಟಕಿಯ ಕಡೆ ಮುಖ ಮಾಡಿ, ಕನ್ನಡಕ ತೆಗೆದು, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದರು.

"ಎಷ್ಟು ದಿನದಿಂದ ನನ್ನ ಮುಖ ನೋಡ್ತಿಲ್ಲ ನೀನು. ನೋಡೀಗ. ಯಾವ ನಂಬರು?"

ಯಾವ ನಂಬರಿಗೂ ಸಿಗದಷ್ಟು ಹಳದಿ.

"ಮೂವತ್ತು ಇರ್ಬೋದು, ಅಪ್ಪಾಜಿ."

"ನಿನ್ನ ಅಂಗಡೀಲಿ ಕೂರಿಸಿದ್ರೆ ವಾರದಲ್ಲಿ ಬಾಗಿಲು ಹಾಕ್ಬೇಕು" ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. "ಮನೇಲಿ ಕನ್ನಡಿ ಇದೆ ಕಣಮ್ಮ. ಆದ್ರೂ ನೀನು ಬೇರೆ ಏನಾದ್ರೂ ಹೇಳ್ತೀಯೇನೋ ಅಂದ್ಕೊಂಡೆ."

ರೆಪ್ಪೆ ಹಿಡಿದ ಬೆರಳನ್ನು ಅವರು ಇನ್ನೂ ತೆಗೆದಿರಲಿಲ್ಲ. ಅವರಿಗೂ ಹೆದರಿಕೆ ಇರಬಹುದೆಂದು ಅಲ್ಲಿಯತನಕ ನನಗೆ ಹೊಳೆದೇ ಇರಲಿಲ್ಲ.

ಅವತ್ತೇ ಆಸ್ಪತ್ರೆಗೆ ಹೋದೆವು. ಹಳದಿ ಯಾವಾಗಿನಿಂದ ಎಂದು ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪಾಜಿ, "ನಿನ್ನೆಯಿಂದ" ಅಂದರು.

ಆಮೇಲೆ ಮೂರು ತಿಂಗಳು ಇದ್ದರು. ಆ ಹತ್ತು ದಿನ ಮೊದಲೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಯಾವ ಡಾಕ್ಟರನ್ನೂ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.