ಸೀಟು ಹಿಡಿದ ಚೀಲ

ಬೆಳಗಿನಿಂದ ಮೊಮ್ಮಗಳು ಮೊಬೈಲಿನ ಮುಂದೆ ಕೂತಿದ್ದಾಳೆ. ನರ್ಸಿಂಗ್ ಸೀಟು ಸಿಕ್ಕಿತೋ ಇಲ್ಲವೋ ಇವತ್ತು ಗೊತ್ತಾಗಬೇಕು. ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ, ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸಿದೆ. ತಲೆಯಲ್ಲಿ ಮಾತ್ರ ಅದೊಂದೇ ಶಬ್ದ: ಸೀಟು.

ಎಷ್ಟು ಕಡೆ ದುಡಿಯುತ್ತದೆ ನೋಡಿ ಈ ಶಬ್ದ! ಸೈಕಲ್ಲಿಗೂ ಸೀಟು, ಪಂಚಾಯಿತಿಗೂ ಸೀಟು, ಕಾಲೇಜಿಗೂ ಸೀಟು. ಸೈಕಲ್ಲಿನದು ಹರಿದರೆ ಹೊಲಿಸಬಹುದು. ಪಂಚಾಯಿತಿಯದು ಮೀಸಲಾತಿ ಬದಲಾದರೆ ಕೈಬಿಟ್ಟು ಹೋಗುತ್ತದೆ. ನನಗೆ ನೆನಪಾಗುವುದು ಮಾತ್ರ ಅಫಜಲಪುರದ ಬಸ್‌ಸ್ಟ್ಯಾಂಡು.

ನಾನು ಹುಡುಗಿಯಾಗಿದ್ದಾಗ ಶಿಕ್ಷಕರ ತರಬೇತಿಗೆ ನನ್ನ ಹೆಸರು ಬಂದಿತ್ತು. ಮಧ್ಯಾಹ್ನದೊಳಗೆ ಕಲಬುರಗಿಯಲ್ಲಿ ಮಾರ್ಕ್ಸ್‌ಕಾರ್ಡು ತೋರಿಸದಿದ್ದರೆ ಸೀಟು ಮುಂದಿನವರ ಪಾಲು. ಜೊತೆಗೆ ಬಂದ ಅಣ್ಣ, ಬಸ್ಸು ನಿಲ್ಲುವ ಮೊದಲೇ ನನ್ನ ಕೈಚೀಲವನ್ನು ಕಿಟಕಿಯಿಂದ ಒಳಗೆ ಎಸೆದ. ನಮ್ಮಲ್ಲಿ ಟವೆಲ್ಲೋ ಚೀಲವೋ ಬಿದ್ದರೆ ಸೀಟು ಹಿಡಿದಂತೆ, ಬೇರೆಯವರು ಕೂಡುವುದಿಲ್ಲ. ಕಾಗದಗಳೆಲ್ಲ ಅದರಲ್ಲೇ ಇದ್ದವು. ನಾನು ಬಾಗಿಲ ಕಡೆ ಹೊರಟರೆ ಅಣ್ಣ ತಡೆದ.

“ಸೀಟ್ ಹಿಡದೀನಲ್ಲ ಬೇ, ಇನ್ನೇನ್ ಗಡಿಬಿಡಿ? ಚಾ ಕುಡದು ಹೋಗೂಣು ಬಾ.”

ಚಹಾ ತುಟಿಗೆ ತಾಗುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಅಣ್ಣ ಕಪ್ಪು ಹಿಡಿದುಕೊಂಡೇ ಬಸ್ಸಿನ ಹಿಂದೆ ಓಡಿದ. ಅಂಗಡಿಯವನು ಕಪ್ಪಿಗಾಗಿ ಅಣ್ಣನ ಹಿಂದೆ ಓಡಿದ. ಕೊನೆಗೆ ಗಾಣಗಾಪುರಕ್ಕೆ ಹೊರಟಿದ್ದ ಭಕ್ತರ ಜೀಪೊಂದು ನಮ್ಮನ್ನು ಹತ್ತಿಸಿಕೊಂಡಿತು. ದಾರಿಯುದ್ದಕ್ಕೂ ಅಣ್ಣ ನನ್ನ ಮುಖ ನೋಡಲಿಲ್ಲ. ಚೌಡಾಪುರದಲ್ಲಿ ಬಸ್ಸು ನಿಂತಿತ್ತು.

ಒಳಗೆ ಕಾಲಿಡಲು ಜಾಗವಿಲ್ಲ. ಆದರೂ ಆ ಒಂದು ಸೀಟು ಖಾಲಿ, ಮೇಲೆ ನನ್ನ ಚೀಲ. ಪಕ್ಕದಲ್ಲಿ ಕಂಬಿ ಹಿಡಿದು ಮುದುಕಿಯೊಬ್ಬಳು ನಿಂತಿದ್ದಳು. ಕಂಡಕ್ಟರ್ ಚೀಲ ಎತ್ತಲು ಬಂದರೆ, ಅದರವರು ಬಂದೇ ಬರ್ತಾರೆ ಎಂದು ಜಗಳವಾಡಿ ಕಳಿಸಿದಳಂತೆ. ನಾನು ಅವಳಿಗೇ ಕೂಡಲು ಹೇಳಿದೆ.

“ನೀ ಕೂಡವ್ವ. ನಾ ಇಲ್ಲೇ ಇಳಿಯಾಕಿ,” ಎಂದವಳೇ ಇಳಿದು ಹೋದಳು. ಹಿಡಿದ ಸೀಟನ್ನು ಕಾಯುತ್ತ ಅವಳು ತನ್ನ ದಾರಿಯನ್ನೆಲ್ಲ ನಿಂತೇ ಮುಗಿಸಿದ್ದಳು.

ಕಾಲೇಜಿನಲ್ಲೂ ನನಗೆ ಸೀಟು ಸಿಕ್ಕಿತು. ಇವತ್ತಿಗೂ ಉಣ್ಣುವುದು ಆ ಸೀಟು ಕೊಟ್ಟ ನೌಕರಿಯ ಅನ್ನವನ್ನೇ.

“ಇನ್ನಾ ಬಂದಿಲ್ಲ ಆಯಿ. ನೀ ಯಾಕ ಸುಮ್ನ ತಿರಗಾಕತ್ತಿ?” ಎಂದಳು ಮೊಮ್ಮಗಳು. ಅವಳ ಮುಖ ಬಾಡಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

“ಹೋಗು, ಎರಡು ತುತ್ತು ಉಂಡು ಬಾ. ಅಲ್ಲೀತನಕ ನಾ ನೋಡಕೋತ ಇರ್ತೇನಿ.”

ಅವಳು ಎದ್ದು ಹೋದಳು. ನಾನು ಮೊಬೈಲಿನ ಮುಂದೆ ಕೂತೆ. ನನ್ನ ಸ್ನಾನದ ಹೊತ್ತು ಮೀರಿತು, ಏಳಲಿಲ್ಲ.