ಅಪ್ಪನ ಹೆಂಡದ ಕೊಳವೆ

ಮಿಷನ್ ಶಾಲೆಯ ಮೇಷ್ಟ್ರು ಓಕುಮುವಿಗೆ ಬಾಯಿ ತುಂಬ ಹಲ್ಲಿದ್ದವು. ಊರಿಗೆ ಅದೇ ನಗೆಪಾಟಲು. ಅವರ ಲುವೊ ಬುಡಕಟ್ಟಿನಲ್ಲಿ ಗಂಡಾಗಲಿ ಹೆಣ್ಣಾಗಲಿ, ಹರೆಯ ಬಂತೆಂದರೆ ಕೆಳಗಿನ ಆರು ಮುಂಬಲ್ಲು ಕೀಳಿಸಿಕೊಳ್ಳಬೇಕು. ಆಮೇಲೇ ದೊಡ್ಡವರ ಲೆಕ್ಕ. ಬಿಳಿ ಪಾದ್ರಿಗೆ ಅದು ಕಾಡು ಪದ್ಧತಿ. ಪಾದ್ರಿ ಹೇಳಿದ್ದು ಓಕುಮುವಿಗೆ ವೇದವಾಕ್ಯ.

ತಂಗಿ ಅಕೆಯೊಳ ಸರದಿ ಬಂದ ದಿನ, ಹಲ್ಲು ಕೀಳಲು ಉಳಿ ಹಿಡಿದು ಬಂದ ಮುದುಕನನ್ನು ಅವನು ಅಂಗಳದಿಂದಲೇ ವಾಪಸು ಕಳಿಸಿದ.

"ಅವಳು ಮಿಷನ್ ಶಾಲೆಗೆ ಸೇರ್ತಾಳಪ್ಪ. ಬೊಚ್ಚುಬಾಯಿ ಮಾಡ್ಕೊಂಡು ಹೋಗ್ಬೇಕಾ?"

"ಲೋ, ದವಡೆ ಕಚ್ಚೋ ಕಾಯಿಲೆ ಬಂದ್ರೆ ಗಂಜಿ ಎಲ್ಲಿಂದ ಹಾಕ್ತೀಯೋ?" ಎಂದ ಅಪ್ಪ ಒದೆರೊ. "ಅದಕ್ಕೇ ಅಲ್ವೇನೋ ಹಿರೀಕರು ಹಲ್ಲಲ್ಲಿ ಸಂದಿ ಮಾಡಿಸಿದ್ದು?"

"ಆ ಕಾಲ ಹೋಯ್ತು. ಈಗ ಆಸ್ಪತ್ರೆ ಇದೆ."

"ಸರಿ ಬಿಡಪ್ಪ, ನೀನು ಓದ್ದೋನು." ಮಗನ ಓದಿನ ಮೇಲೆ ಅಪ್ಪನಿಗೆ ಅಷ್ಟು ನಂಬಿಕೆ.

ಆ ಮಳೆಗಾಲ ಜೋಳದ ಹೊಲ ಅಗೆಯುವಾಗ ಗುದ್ದಲಿ ಅಕೆಯೊಳ ಕಾಲಿಗೆ ತಗುಲಿತು. ವಾರದೊಳಗೆ ಧನುರ್ವಾಯು ಹತ್ತಿ ದವಡೆ ಕಚ್ಚಿಕೊಂಡಿತು. ಆಸ್ಪತ್ರೆ ಎರಡು ದಿನದ ದಾರಿ, ನಡುವೆ ತುಂಬಿದ ನದಿ. ಗಡಿಗೆಯಿಂದ ಹೆಂಡ ಹೀರಲು ಇಟ್ಟುಕೊಂಡಿದ್ದ ಉದ್ದನೆಯ ಜೊಂಡಿನ ಕೊಳವೆಯನ್ನು ಅಪ್ಪ ಗೇಣುದ್ದಕ್ಕೆ ಕುಯ್ದು ತಂದ. ಅದರಲ್ಲಿ ಹನಿಸಿದ ರಾಗಿ ಗಂಜಿ ಬಿಗಿದ ಹಲ್ಲಿಗೆ ತಾಗಿ ಕೆನ್ನೆಯ ಮೇಲೆ ಹರಿಯುತ್ತಿತ್ತು. ಹುಡುಗಿ ಬಟ್ಟಲನ್ನೇ ನೋಡುತ್ತಿದ್ದಳು. ಅವಳ ಹಲ್ಲು ಬಹಳ ಚೆನ್ನಾಗಿದ್ದವು. ನಾಲ್ಕನೇ ದಿನ ಹೋದಳು.

ಗಂಜಿ ಕುಡಿದಿದ್ದರೂ ಉಳಿಯುತ್ತಿರಲಿಲ್ಲವೆಂದು ಮಿಷನ್ ಡಾಕ್ಟರು ಆಮೇಲೆ ಹೇಳಿದರು. ಓಕುಮುವಿಗೆ ಅದು ಅರ್ಥವೂ ಆಯಿತು. ಆದರೆ ತಂಗಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನು ತಾನು. ಅಪ್ಪನ ಮುಂದೆ ಡಾಕ್ಟರ ಮಾತು ಎತ್ತಲು ಅವನಿಗೆ ಮುಖವಿರಲಿಲ್ಲ. ಅಪ್ಪ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪ ಒಂದು ದಿನವೂ ಬೈಯಲಿಲ್ಲ. ಗೆಳೆಯರ ಜೊತೆ ಹೆಂಡದ ಗಡಿಗೆಯ ಸುತ್ತ ಕೂರುವುದನ್ನು ಮಾತ್ರ ಬಿಟ್ಟ.

ತಂಗಿ ಸತ್ತು ವರ್ಷ ತುಂಬಿದ ಬೆಳಿಗ್ಗೆ ಓಕುಮು ತಾನೇ ಉಳಿಯ ಮುದುಕನ ಮನೆಗೆ ನಡೆದ.

"ಮೂವತ್ತಾದ್ಮೇಲೆ ಈಗ್ಯಾಕಯ್ಯಾ ಈ ಚಪಲ?" ಮುದುಕ ನಕ್ಕ. "ಪಾದ್ರಿ ಕೆಲಸದಿಂದ ಕಿತ್ತಾಕ್ತಾನೆ."

"ಹಾಕ್ಲಿ. ನೀವು ಕೀಳಿ, ಅಜ್ಜ."

ಸಂಜೆ ಬಾಯಿ ಊದಿ, ದವಡೆ ತೆರೆಯಲಾಗದೆ ಬಂದು ಅಂಗಳದಲ್ಲಿ ಕುಸಿದ. ಅಪ್ಪ ಒಳಗಿನಿಂದ ಗಂಜಿ ತಂದ. ಸೂರಿಗೆ ಸಿಕ್ಕಿಸಿಟ್ಟಿದ್ದ ಗೇಣುದ್ದದ ಕೊಳವೆಯನ್ನು ತೆಗೆದು ಮಗನ ಹಲ್ಲಿನ ಸಂದಿಗೆ ಇಟ್ಟ. ಗಂಜಿ ಸಲೀಸಾಗಿ ಗಂಟಲಿಗಿಳಿಯಿತು.

"ನೋಡ್ದಾ," ಎಂದ ಅಪ್ಪ, "ಎಷ್ಟು ಸುಲಭವಾಗಿ ಹೋಗ್ತದೆ." ಹಾಗೆಂದವನು ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟ.