ಬಡಾವಣೆಯ ಮೇಲಿನ ಕಲ್ಲು

ಬೀಳಗಿ ಹತ್ತಿರ, ಹಿನ್ನೀರಿನ ದಂಡೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ, ಕಿಟಕಿ ತೆರೆದರೆ ನೀರು ಕಾಣುತ್ತದೆ ಎಂಬುದೇ ನಮಗೆ ದೊಡ್ಡ ಹೆಮ್ಮೆಯಾಗಿತ್ತು. ಬಡಾವಣೆಯ ಮೇಲ್ತುದಿಯಲ್ಲಿ, ರಸ್ತೆ ಪಕ್ಕ, ಒಂದು ಗಿಡ್ಡ ಕಲ್ಲು ಮೊದಲಿನಿಂದಲೂ ಇತ್ತು. ಯಾರೋ ಅದಕ್ಕೆ ಅರಿಶಿನದ ಭಂಡಾರ ಹಚ್ಚಿದರು, ಇನ್ಯಾರೋ ಕಾಯಿ ಒಡೆದರು. ಸೀಮೆ ಕಾಯುವ ದೇವರಿರಬೇಕೆಂದು ನಾವೂ ಅಮಾವಾಸ್ಯೆಗೆ ಹೋಳಿಗೆಯ ಎಡೆ ಹಿಡಿಯತೊಡಗಿದೆವು.

ಒಂದು ಅಮಾವಾಸ್ಯೆ ದಿನ ಹೆಂಡತಿ ಎಡೆ ಹಿಡಿಯುತ್ತಿದ್ದಳು, ನಾನು ಪಕ್ಕದಲ್ಲೇ ನಿಂತಿದ್ದೆ. ನಿವೇಶನ ನೋಡಲು ಬಂದಿದ್ದ ಮುದುಕಿಯೊಬ್ಬಳು ತಾನೂ ಕೈಮುಗಿಯಲು ಬಗ್ಗಿದವಳು, ಏನೋ ಅನುಮಾನ ಬಂದು ಸೆರಗಿನಿಂದ ಭಂಡಾರ ಒರೆಸಿದಳು. ಕಲ್ಲಿನ ಮೇಲೆ ಕೊರೆದ ಬಾಣದ ಗುರುತು ಕಂಡಿತು.

"ಯಾಕಬೇ ಯವ್ವಾ, ದೇವರನ್ನ ಒರಸಾಕತ್ತಿ?" ಎಂದು ರೇಗಿದೆ.

"ದೇವರಲ್ಲೋ ಯಪ್ಪಾ. ಡ್ಯಾಮ್ ತುಂಬಿದ್ರ ನೀರು ಎಲ್ಲಿ ತನಕ ಏರತೈತಿ ಅಂತ ಹುಗದ ಗುರ್ತಿನ ಕಲ್ಲಿದು. ನಮ್ಮೂರಾಗೂ ಇಂಥಾದ್ದ ಹುಗದಿದ್ರು. ಈಗ ಊರು ನೀರಾಗೈತಿ."

"ನೀರು ಅಷ್ಟು ದೂರ ಐತಲ್ಲ?"

"ನಮಗೂ ಹಂಗ ಅನಸಿತ್ತು. ನಿಮ್ಮ ಮನಿ ಈ ಕಲ್ಲಿಗಿಂತ ಮ್ಯಾಲೈತೋ, ಕೆಳಗೈತೋ?"

ನಾನು ಇಳಿಜಾರಿನ ಕಡೆ ನೋಡಿದೆ. ಬಡಾವಣೆಯ ಎಲ್ಲ ಮನೆಗಳೂ ಕೆಳಗೇ ಇದ್ದವು. ಮುದುಕಿ ನಿವೇಶನ ನೋಡದೆಯೇ ಬಸ್ಸಿಗೆ ಹೊರಟುಹೋದಳು.

ಆ ಕಿಟಕಿಯನ್ನು ನಾವೀಗ ತೆರೆಯುವುದಿಲ್ಲ. ಕಲ್ಲು ಏನೆಂದು ಬಡಾವಣೆಗೆಲ್ಲ ಗೊತ್ತಾದರೂ ಎಡೆ ಮಾತ್ರ ಯಾರೂ ಬಿಟ್ಟಿಲ್ಲ. ಮೊದಲು ರೂಢಿಗೆ ಕೈಮುಗಿಯುತ್ತಿದ್ದೆವು, ಈಗ ಖರೇನೇ ಬೇಡಿಕೊಳ್ಳುತ್ತೇವೆ.